ಟ್ಯೂನಿಸಿಯಾದಲ್ಲಿ ಟ್ಯಾಟೂಯಿನ್ ಹುಡುಕಿದ ಬಗೆ

ಸ್ಟಾರ್ ವಾರ್ಸ್ ಚಿತ್ರದ ನಾಯಕ ಲ್ಯೂಕ್ ಸ್ಕೈವಾಕರ್ ಬೆಳೆದ ಮನೆಯನ್ನು ನೋಡಬೇಕಾದರೆ ಎರಡು ಊರುಗಳಿಗೆ ಹೋಗಬೇಕು. ಹೊರಗಿನ ಬಿಳಿ ಗುಮ್ಮಟ ಇರುವುದು ನೆಫ್ತಾ ಪಟ್ಟಣದಾಚೆಯ ಉಪ್ಪಿನ ಬಯಲಿನಲ್ಲಿ. ಒಳಗಿನ ಅಂಗಳ, ಊಟದ ಕೋಣೆ ಇರುವುದು ಮತ್ಮಾತಾದಲ್ಲಿ. ನಡುವಿನ ರಸ್ತೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. 1977ರಲ್ಲಿ ತೆರೆಕಂಡ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ಈ ದೂರ ಒಂದು ಕತ್ತರಿಯೇಟಿಗೆ ಮುಗಿದುಹೋಗುತ್ತದೆ. ದಕ್ಷಿಣ ಟ್ಯೂನಿಸಿಯಾಕ್ಕೆ ಹೊರಡುವ ಅಭಿಮಾನಿಗಳಿಗೆ ನಾನು ಮೊದಲು ಹೇಳುವ ಮಾತು ಇದೇ: ಚಿತ್ರದಲ್ಲಿ ಲ್ಯೂಕ್ ಬೆಳೆಯುವ ಟ್ಯಾಟೂಯಿನ್ ಗ್ರಹ ಜೆರ್ಬಾ ದ್ವೀಪದಿಂದ ಅಲ್ಜೀರಿಯಾ ಗಡಿಯ ಹತ್ತಿರದವರೆಗೆ ತುಂಡುತುಂಡಾಗಿ ಹರಡಿದೆ. ನಕ್ಷೆಯನ್ನು ಮುಂದಿಟ್ಟುಕೊಂಡು ಆ ತುಂಡುಗಳನ್ನು ಜೋಡಿಸಿಕೊಂಡ ಮೇಲೆಯೇ ಟಿಕೆಟ್ ಕೊಳ್ಳಬೇಕು.

ಗ್ರಹಕ್ಕೆ ಹೆಸರು ಕೊಟ್ಟ ಟಟಾವಿನ್ ಎಂಬ ಪಟ್ಟಣ ನಿಜವಾಗಿಯೂ ಇದೆ. ಆದರೆ ಚಿತ್ರದ ಮುಖ್ಯ ಜಾಗಗಳು ಆ ಪಟ್ಟಣದಲ್ಲಿಲ್ಲ. ನಾನು ನೆಲೆ ಮಾಡಿಕೊಂಡದ್ದು ಟೋಜರ್‌ನಲ್ಲಿ. ಉಪ್ಪಿನ ಬಯಲು, ಕಣಿವೆ, ಮರಳಿನ ನಡುವಿನ ಸೆಟ್ ಮೂರೂ ಅಲ್ಲಿಂದ ಹತ್ತಿರ. ಹೋದದ್ದು ನವೆಂಬರಿನಲ್ಲಿ. ಬೇಸಿಗೆಯ ಬಿಸಿಲು ಅಲ್ಲಿ ಕೊಲ್ಲುವಂಥದ್ದು. ವಸಂತದಲ್ಲಿ ಮರಳುಗಾಳಿ. ನವೆಂಬರಿನಲ್ಲಾದರೆ ಖರ್ಜೂರದ ಕೊಯ್ಲಿನ ಕಾಲ. ತೋಟಗಳಲ್ಲಿ ಜನ ಮರದ ನೆತ್ತಿಗೆ ಹತ್ತಿ ಗೊನೆ ಇಳಿಸುತ್ತಿರುತ್ತಾರೆ, ಸಂತೆಯಲ್ಲಿ ರೆಂಬೆಯ ಸಮೇತ ದೆಗ್ಲೆತ್ ನೂರ್ ಖರ್ಜೂರ ಸಿಗುತ್ತದೆ. ಪಟ್ಟಣದಿಂದ ಪಟ್ಟಣಕ್ಕೆ 'ಲುವಾಜ್' ಎಂಬ ಹಂಚಿಕೆಯ ವ್ಯಾನುಗಳಲ್ಲಿ ಓಡಾಡಿದೆ. ಬಿಳಿ ಗಾಡಿಗೆ ಕೆಂಪು ಪಟ್ಟಿ ಇದ್ದರೆ ಅದು ದೂರದ ಊರಿಗೆ ಹೋಗುವುದೆಂದು ಅರ್ಥ. ವೇಳಾಪಟ್ಟಿ ಇಲ್ಲ, ಸೀಟು ತುಂಬಿದರೆ ಹೊರಡುತ್ತದೆ. ಮರಳಿನೊಳಗೆ ಮಾತ್ರ ಸ್ಥಳೀಯ ಚಾಲಕನ ಜೀಪೇ ಆಗಬೇಕು. ದಾರಿಯಲ್ಲಿ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಪೆಟ್ಟಿಗೆಯ ತಳದಲ್ಲಿರದೆ ಜೇಬಿನಲ್ಲಿರಲಿ.

ನನ್ನ ಚೀಲದಲ್ಲಿದ್ದ ಅತ್ಯಂತ ಬೆಲೆಬಾಳುವ ವಸ್ತು ಕಾಗದದ ಒಂದು ಕಟ್ಟು. ಚಿತ್ರದ ದೃಶ್ಯಗಳನ್ನು ನಿಲ್ಲಿಸಿ ತೆಗೆದ ಫ್ರೇಮುಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡಿದ್ದೆ. ಆ ಬಿಸಿಲಿಗೆ ಮೊಬೈಲ್ ಪರದೆ ಕಪ್ಪು ಹಲಗೆಯಾಗುತ್ತದೆ. ಮೇಲಾಗಿ ಫೋಟೋ ತೆಗೆಯಬೇಕಾದದ್ದೂ ಅದೇ ಮೊಬೈಲಿನಲ್ಲಿ.

ಈ ಕಾಗದಗಳು ಹೆಚ್ಚು ಕೆಲಸಕ್ಕೆ ಬಂದದ್ದು ಸಿದಿ ಬುಹ್ಲೆಲ್ ಕಣಿವೆಯಲ್ಲಿ. ಉಪ್ಪಿನ ಬಯಲಿನ ಉತ್ತರದ ಅಂಚಿನಲ್ಲಿ, ಒಬ್ಬ ಸಂತರ ಬಿಳಿಯ ಗುಡಿಗೋರಿಯ ಪಕ್ಕದಲ್ಲಿ ಈ ಕಣಿವೆಯ ಬಾಯಿ ತೆರೆದುಕೊಳ್ಳುತ್ತದೆ. ಪುಟ್ಟ ರೋಬಾಟ್ ಆರ್ಟೂ-ಡೀಟೂವನ್ನು ಜಾವಾಗಳೆಂಬ ಮುಸುಕುಧಾರಿ ಕುಳ್ಳರು ಹಿಡಿಯುವುದು ಇಲ್ಲೇ. ಇಲ್ಲಿ ಸೆಟ್ ಇಲ್ಲ, ಫಲಕ ಇಲ್ಲ, ಮಾರಾಟಗಾರರೂ ಇರಲಿಲ್ಲ. ಇರುವುದು ಕಂದು ಬಂಡೆ, ಸಡಿಲ ಜಲ್ಲಿ. ಹಾಗಾದರೆ ಕ್ಯಾಮೆರಾ ನಿಂತ ಜಾಗವನ್ನು ಪತ್ತೆ ಹಚ್ಚುವುದು ಹೇಗೆ?

ನಾನು ಮಾಡಿದ್ದು ಹೀಗೆ. ಫ್ರೇಮಿನಲ್ಲಿ ಹತ್ತಿರದ ಒಂದು ಬಂಡೆ, ದೂರದ ಒಂದು ಶಿಖರ ಇವೆರಡನ್ನು ಆರಿಸಿಕೊಂಡೆ. ಇವು ಒಂದಕ್ಕೊಂದು ಎಲ್ಲಿ ಮುಟ್ಟುತ್ತವೆ ಎಂಬುದೇ ಕೀಲಿಕೈ. ಹತ್ತಿರದ ಬಂಡೆ ಚಿತ್ರದಲ್ಲಿರುವುದಕ್ಕಿಂತ ಬಲಕ್ಕೆ ಸರಿದಂತೆ ಕಂಡರೆ ನಾನೂ ಬಲಕ್ಕೆ ಸರಿಯುತ್ತಿದ್ದೆ. ಎಡಕ್ಕೆ ಕಂಡರೆ ಎಡಕ್ಕೆ. ಹತ್ತಿರದ ಬಂಡೆಯ ತಲೆ ದೂರದ ಶಿಖರವನ್ನು ಅಗತ್ಯಕ್ಕಿಂತ ಹೆಚ್ಚು ಮುಚ್ಚಿದರೆ ನಾನು ತಗ್ಗಿನಲ್ಲಿದ್ದೇನೆ, ಮೇಲೆ ಹತ್ತಬೇಕು ಎಂದರ್ಥ. ಲೆನ್ಸ್ ಬದಲಿಸಿದರೆ ಬಂಡೆಗಳ ಗಾತ್ರ ಬದಲಾಗಬಹುದೇ ಹೊರತು ಯಾವುದು ಯಾವುದನ್ನು ಎಷ್ಟು ಮರೆ ಮಾಡುತ್ತದೆ ಎಂಬುದು ಬದಲಾಗುವುದಿಲ್ಲ. ಆದ್ದರಿಂದ ನಮ್ಮ ಕೈಯಲ್ಲಿ ಯಾವ ಕ್ಯಾಮೆರಾ ಇದೆ ಎಂಬ ಚಿಂತೆ ಬೇಡ. ನೆರಳು ಬಿದ್ದ ದಿಕ್ಕು ನೋಡಿದರೆ ಚಿತ್ರೀಕರಣ ಬೆಳಿಗ್ಗೆಯೋ ಸಂಜೆಯೋ ಎಂಬುದೂ ಹೊಳೆಯುತ್ತದೆ. ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಾ ಹೋದಂತೆ ಒಂದು ಹಂತದಲ್ಲಿ ಕಾಗದದ ಗೆರೆಗಳೂ ಎದುರಿನ ಗೆರೆಗಳೂ ಒಂದಾದವು. 1976ರಲ್ಲಿ ಕ್ಯಾಮೆರಾ ನಿಂತಿದ್ದ ಅದೇ ನೆಲದ ಮೇಲೆ ನನ್ನ ಕಾಲಿತ್ತು. ಆ ಕ್ಷಣದ ಸಂತೋಷವನ್ನು ಯಾವ ಸೆಟ್ಟೂ ಕೊಡಲಿಲ್ಲ.

ಒಂದು ಎಚ್ಚರಿಕೆ. ಬಂಡೆಯ ತುದಿಯಿಂದ ಮಾಸ್ ಐಸ್ಲಿ ನಗರವನ್ನು ನೋಡುವ ಪ್ರಸಿದ್ಧ ದೃಶ್ಯದ ಬಯಲನ್ನು ಇಲ್ಲಿ ಹುಡುಕಬೇಡಿ. ಅದು ಅಮೆರಿಕದ ಡೆತ್ ವ್ಯಾಲಿಯದು.

ಶತ್ ಎಲ್ ಜೆರಿದ್ ಎಂಬ ಉಪ್ಪಿನ ಬಯಲಿನ ಗುಮ್ಮಟಕ್ಕೆ ಹೋಗುವ ಮುನ್ನ ಮಳೆ ಬಂದಿದೆಯೇ ಎಂದು ನೆಫ್ತಾದಲ್ಲಿ ವಿಚಾರಿಸಿಕೊಂಡೆ. ಮೇಲಿನ ಉಪ್ಪಿನ ಪೊರೆ ಗಟ್ಟಿಯಾಗಿ ಕಂಡರೂ ಒದ್ದೆಯಾದಾಗ ಅದರಡಿಯ ಕೆಸರು ಗಾಡಿಯನ್ನು ಹಿಡಿದುಬಿಡುತ್ತದೆ. ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ತಂಡಕ್ಕೂ 1976ರಲ್ಲಿ ಇಲ್ಲಿ ಬಿರುಗಾಳಿ ಮಳೆ ಕಾಟ ಕೊಟ್ಟು ಸೆಟ್ಟುಗಳನ್ನು ಹಾಳು ಮಾಡಿತ್ತು. ಈಗ ನಿಂತಿರುವ ಗುಮ್ಮಟ 2002ರಲ್ಲಿ ಬಂದ ಸ್ಟಾರ್ ವಾರ್ಸ್ ಚಿತ್ರಕ್ಕಾಗಿ ಮತ್ತೆ ಕಟ್ಟಿದ್ದು. ಉಪ್ಪು ತಿಂದು ಅದೂ ಶಿಥಿಲವಾದಾಗ, 2012ರಲ್ಲಿ ಅಭಿಮಾನಿಗಳೇ ಹಣ ಕೂಡಿಸಿ, ಇಲ್ಲಿಗೆ ಬಂದು ಗಾರೆ ಮೆತ್ತಿ ಬಣ್ಣ ಬಳಿದು ಉಳಿಸಿದರು. ಪಕ್ಕದಲ್ಲಿ ನಿಂತು ಗೋಡೆಯ ಮೇಲೆ ಕೈಯಾಡಿಸಿದೆ. ಅವರು ಮೆತ್ತಿದ ಗಾರೆಯ ಅಡಿಯಿಂದಲೂ ಉಪ್ಪು ಮತ್ತೆ ಬಿಳಿ ಹುಡಿಯಾಗಿ ಒಸರುತ್ತಿತ್ತು. ದಯವಿಟ್ಟು ಅದರ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ.

ಒಂಗ್ ಜೆಮೆಲ್ ಬಳಿಯ, ಟ್ಯಾಟೂಯಿನ್‌ನ ಇನ್ನೊಂದು ಊರಾದ ಮಾಸ್ ಎಸ್ಪಾ ಸೆಟ್ಟಿಗೆ ಟೋಜರ್‌ನಿಂದ ಎಲ್ಲ ಪ್ರವಾಸದ ಜೀಪುಗಳೂ ಹೋಗುತ್ತವೆ. 1999ರ ಸ್ಟಾರ್ ವಾರ್ಸ್ ಚಿತ್ರಕ್ಕಾಗಿ ಕಟ್ಟಿದ ಇಡೀ ಬೀದಿಯೇ ಇದೆ. ದೂರದಿಂದ ನೋಡಿದರೆ ಪುರಾತನ ನಗರ. ಬಳಿ ಹೋದರೆ ಗಾರೆ ಕಳಚಿದ ಕಡೆ ತಂತಿಬಲೆ, ಮರದ ಚೌಕಟ್ಟು. ನನಗೆ ಇಲ್ಲಿ ಸೆಟ್ಟಿಗಿಂತ ಮರಳೇ ಹೆಚ್ಚು ಹಿಡಿಸಿತು. ಸುತ್ತಲಿನ ದಿಬ್ಬಗಳು ಅರ್ಧಚಂದ್ರಾಕಾರದವು. ಗಾಳಿ ಬೆನ್ನ ಕಡೆಯಿಂದ ಮರಳನ್ನು ಹತ್ತಿಸಿ ಮುಂದೆ ಸುರಿಯುತ್ತದೆ, ಹಾಗೆಯೇ ದಿಬ್ಬ ನಡೆಯುತ್ತದೆ. ಸೆಟ್ಟಿನತ್ತ ಬಂದ ಒಂದು ದೊಡ್ಡ ದಿಬ್ಬ ವರ್ಷಕ್ಕೆ ಸುಮಾರು 15 ಮೀಟರ್ ಚಲಿಸುತ್ತಿದೆ ಎಂದು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಬಯಲಿನಲ್ಲಿ ಬೇರೆ ಗುರುತುಗಳಿಲ್ಲದ ಕಡೆ ಸೆಟ್ಟಿನ ಕಟ್ಟಡಗಳೇ ಅವರಿಗೆ ಅಳತೆಗೋಲಾದವು. ನಂತರ ಮರಳನ್ನು ತೆರವು ಮಾಡಲಾಯಿತು. ಆದರೂ ಕೆಲವು ಬಾಗಿಲುಗಳು ಮೊಣಕಾಲಿನವರೆಗೆ ಹೂತಿದ್ದನ್ನು ಕಂಡೆ. ಅಲ್ಲಿ ಮರುಭೂಮಿಯ ಪುಟ್ಟ ನರಿಮರಿಗಳನ್ನು ಹಗ್ಗಕ್ಕೆ ಕಟ್ಟಿ ಫೋಟೋಗೆ ಒಡ್ಡುತ್ತಾರೆ. ರಾತ್ರಿ ಸಂಚರಿಸುವ ಆ ಪ್ರಾಣಿಗೆ ಆ ಬಿಸಿಲು ಚಿತ್ರಹಿಂಸೆ. ನಾನು ಹಣ ಕೊಡಲಿಲ್ಲ, ನೀವೂ ಕೊಡಬೇಡಿ.

ಈ ಗಾರೆಯ ಬೀದಿ ನೋಡಿದ ಬಳಿಕ ಮತ್ಮಾತಾಕ್ಕೆ ಹೋದದ್ದು ಒಳ್ಳೆಯದೇ ಆಯಿತು. ಅಲ್ಲಿರುವುದು ಜನ ಬಾಳಲೆಂದು ತೋಡಿಕೊಂಡ ಮನೆಗಳು. ಅಮಾಜಿಗ್ (ಬರ್ಬರ್) ಜನ ಮೆದುಮಣ್ಣಿನ ಗುಡ್ಡದಲ್ಲಿ ದುಂಡಗೆ, ಬಾವಿಯಂತೆ ಆಳವಾದ ಅಂಗಳ ಅಗೆದು, ಅದರ ಗೋಡೆಗಳಲ್ಲಿ ಸುತ್ತ ಕೋಣೆಗಳನ್ನು ಕೊರೆಯುತ್ತಾರೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಇಂಥ ಹಲವು ಅಂಗಳಗಳನ್ನು ಸುರಂಗದಿಂದ ಜೋಡಿಸಿದ ಸಿದಿ ದ್ರಿಸ್ ಹೋಟೆಲೇ ಲ್ಯೂಕ್‌ನ ಮನೆಯ ಒಳಭಾಗ. ನಾನು ಅಲ್ಲೇ ರಾತ್ರಿ ಉಳಿದೆ. ಕೋಣೆ ತೀರಾ ಸರಳ. ಹಾಸಿಗೆ, ದೀಪ, ಸುಣ್ಣ ಬಳಿದ ಗವಿಯ ಗೋಡೆ. ಲ್ಯೂಕ್ ತನ್ನ ಚಿಕ್ಕಪ್ಪನ ಜೊತೆ ವಾದಿಸುವ ಊಟದ ಕೋಣೆಯ ಛಾವಣಿಯ ಮೇಲೆ ಚಿತ್ರದಲ್ಲಿ ಕಾಣುವ ಚಿತ್ತಾರ ಈಗಲೂ ಇದೆ. ಹಗಲಿನಲ್ಲಿ ಪ್ರವಾಸಿ ಬಸ್ಸುಗಳು ಬರುತ್ತವೆ. ಅವು ಹೋದ ಮೇಲೆ ಅಂಗಳ ನಮ್ಮದೇ.

ಮರುದಿನ ಪಕ್ಕದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕರೆದು ಒಳಗೆ ಕೂರಿಸಿದರು. ಬೀಸುಕಲ್ಲಿನ ಮುಂದೆ ಕುಳಿತು ಒಂದು ಹಿಡಿ ಗೋಧಿ ಬೀಸಿ ತೋರಿಸಿದರು, ಬಿಸಿ ಟಬೂನಾ ರೊಟ್ಟಿ, ಆಲಿವ್ ಎಣ್ಣೆ, ಜೇನು ಕೊಟ್ಟರು. ಹೊರಡುವಾಗ ಕೈಲಾದಷ್ಟು ದಿನಾರ್ ಕೊಡುವುದು ಅಲ್ಲಿಯ ರೂಢಿ, ಅದಕ್ಕೆ ಚಿಲ್ಲರೆ ನೋಟು ಇಟ್ಟುಕೊಂಡಿರಬೇಕು. ಸಸ್ಯಾಹಾರಿಗಳಿಗೆ ಈ ರೊಟ್ಟಿಯೇ ಆಸರೆ. ತರಕಾರಿ ಕುಸ್‌ಕುಸ್ ಎಂದು ಕೊಟ್ಟರೂ ಅದರ ಸಾರು ಮಾಂಸದ್ದಾಗಿರಬಹುದು, ಕೇಳಿಯೇ ತಿನ್ನಬೇಕು.

1999ರ ಚಿತ್ರದಲ್ಲಿ ಗುಲಾಮರ ಕೇರಿಯಾಗಿ ಕಾಣುವುದು ಕ್ಸಾರ್ ಹದ್ದಾದ ಮತ್ತು ಮೆದೆನಿನ್‌ನ ಕಟ್ಟಡಗಳು. ಕ್ಸಾರ್ ಎಂದರೆ ಊರಿನವರು ಧಾನ್ಯ, ಎಣ್ಣೆ ಕಾಪಾಡಿಕೊಳ್ಳಲು ಕಟ್ಟಿದ ಕೋಟೆಯಂಥ ಕಣಜ. ಕಮಾನಿನ ಕೋಣೆಗಳು ಒಂದರ ಮೇಲೊಂದು ಪೇರಿಸಿದಂತಿವೆ. ನಮ್ಮ ಉತ್ತರ ಕರ್ನಾಟಕದ ಹಗೇವುಗಳನ್ನು ನೆಲದಿಂದ ಮೇಲೆತ್ತಿ ಸಾಲಾಗಿ ಜೋಡಿಸಿದ ಹಾಗೆ. ಇಲ್ಲಿ ಅರ್ಧ ದಿನ ಸಾಕು.

ಜೆರ್ಬಾ ದ್ವೀಪದ ಅಜೀಮ್ ಊರಿನಲ್ಲಿ ಮಾಸ್ ಐಸ್ಲಿಯ ಮದ್ಯದಂಗಡಿಯ ಹೊರಭಾಗವಾಗಿದ್ದ ಕಟ್ಟಡ ಕುಸಿಯುತ್ತಾ ಬಂದಿದೆ. ಸುತ್ತ ಜನರ ಮನೆಗಳಿವೆ, ಕೇಳಿಯೇ ಕ್ಯಾಮೆರಾ ಎತ್ತಿದೆ. ಊರಿನ ಉತ್ತರಕ್ಕೆ ಕಡಲ ದಂಡೆಯಲ್ಲಿ ಲ್ಯೂಕ್‌ನ ಗುರು ಓಬಿ-ವಾನ್ ಮನೆಯಾಗಿದ್ದ ಪುಟ್ಟ ಬಿಳಿ ಕಟ್ಟಡವಿದೆ. ಮೆಡಿಟರೇನಿಯನ್ ನೀರು ಅಲ್ಲಿಂದ ಕೆಲವೇ ಹೆಜ್ಜೆ. ಚಿತ್ರದಲ್ಲಿ ಅದು ಸುಳಿಯದಂತೆ ಕ್ಯಾಮೆರಾ ಕೋನ ಆರಿಸಿದ್ದಾರೆ. ಕಾಗದ ಹಿಡಿದು ಜಾಗ ಹುಡುಕುವಾಗ ಎರಡು ಹೆಜ್ಜೆ ಆಚೀಚೆಯಾದರೂ ಕಡಲು ಇಣುಕುತ್ತದೆ. ಅಜೀಮ್‌ನಿಂದ ಜೋರ್ಫ್‌ಗೆ ಹಡಗಿನಲ್ಲಿ ದಾಟಿದರೆ ಮುಖ್ಯಭೂಮಿ. ದ್ವೀಪದಲ್ಲಿ ವಿಮಾನ ನಿಲ್ದಾಣವೂ ಇರುವುದರಿಂದ ಈ ಎರಡು ಜಾಗಗಳನ್ನು ಹಿಂದಿರುಗುವ ದಿನಕ್ಕೆ ಇಟ್ಟುಕೊಳ್ಳಬಹುದು.