ಹಗ್ಗ ಬಿಚ್ಚುವ ಮುಂಚಿನ ಅರ್ಧ ಗಂಟೆ: ಬಾಡಿಗೆ ಯಾಟಿನಲ್ಲಿ ಕಡಲಿಗೆ ಹೋಗುವುದು ಹೇಗೆ?

ಕಳೆದ ಡಿಸೆಂಬರಿನಲ್ಲಿ ನಾವು ಎರಡು ಮನೆಯವರು ಸೇರಿ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಹತ್ತಿರ ಒಂದು ಮೋಟಾರು ಯಾಟ್ ಬಾಡಿಗೆಗೆ ತೆಗೆದುಕೊಂಡೆವು. ಹನ್ನೊಂದು ಜನ, ಅದರಲ್ಲಿ ನಾಲ್ವರು ಮಕ್ಕಳು. ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದಾಗ ಬೋಟಿನ ಹುಡುಗ ಸೀಟಿನ ಕೆಳಗಿನ ಪೆಟ್ಟಿಗೆ ತೋರಿಸಿದ. ತೆರೆದು ನೋಡಿದರೆ ಎಲ್ಲವೂ ದೊಡ್ಡವರ ಅಳತೆಯವು. ತಂಗಿಯ ಐದು ವರ್ಷದ ಮಗಳಿಗೆ ಒಂದನ್ನು ತೊಡಿಸಿ, ಭುಜದ ಹತ್ತಿರ ಹಿಡಿದು ಮೇಲೆತ್ತಿದೆ. ಜಾಕೆಟ್ ಕೈಗೆ ಬಂತು, ಮಗು ನಿಂತಲ್ಲೇ ಉಳಿಯಿತು. ನೀರಿಗೆ ಬಿದ್ದಾಗಲೂ ಹೀಗೇ ಆಗುತ್ತದೆ.

ಮಕ್ಕಳ ಜಾಕೆಟ್ ತರಿಸುವವರೆಗೆ ನಾವು ಹೊರಡಲಿಲ್ಲ. ಮುಕ್ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ಇಳಿತ ಶುರುವಾಗಿತ್ತು. ಮಲ್ಪೆಯಲ್ಲಿ ಮೂವತ್ತು ವರ್ಷ ತಂಡೇಲರಾಗಿದ್ದ, ಅಂದರೆ ಮೀನುಗಾರಿಕೆ ಬೋಟು ನಡೆಸುತ್ತಿದ್ದ ನನ್ನ ಸೋದರಮಾವ ನಮ್ಮ ಜೊತೆಗಿದ್ದರು. ಹೊಳೆ ಕಡಲು ಸೇರುವ ಅಳಿವೆಯ ಕಡೆ ನೋಡಿ, "ಇವತ್ತು ಹೊರಗೆ ಬೇಡ ಮಾರಾಯ, ಹೊಳೆಯಲ್ಲೇ ಹೋಗುವ" ಅಂದರು. ಸ್ವರ್ಣಾ ನದಿಯ ಕುದ್ರುಗಳ (ಹೊಳೆಯ ನಡುವಿನ ನಡುಗಡ್ಡೆಗಳ) ನಡುವೆ ಸುತ್ತಾಡಿ ಬಂದೆವು. ಮಕ್ಕಳಿಗೆ ಅಷ್ಟೇ ಖುಷಿಯಾಯಿತು. ಅವತ್ತು ಮಾವನಿಂದ ಕೇಳಿ ತಿಳಿದದ್ದು, ಆಮೇಲೆ ಓದಿಕೊಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ, ಆಮೇಲೆ ಬೋಟು

ಬೋಟು ಗೊತ್ತು ಮಾಡುವ ಮೊದಲು ದಿನ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ದೊಡ್ಡ ಟ್ರಾಲ್ ಬೋಟುಗಳೇ ದಕ್ಕೆ (ಬೋಟು ಕಟ್ಟುವ ಕಟ್ಟೆ) ಬಿಡದ ಆ ತಿಂಗಳುಗಳಲ್ಲಿ ಮೋಜಿಗೆಂದು ಕಡಲಿಗಿಳಿಯುವ ಮಾತೇ ಬೇಡ. ನವೆಂಬರಿನಿಂದ ಮಾರ್ಚ್‌ವರೆಗೆ ಕಡಲು ಸಾಮಾನ್ಯವಾಗಿ ಸಮಾಧಾನದಲ್ಲಿರುತ್ತದೆ. ಆಗಲೂ ಬೆಳಿಗ್ಗೆ ಸಪಾಟಾಗಿದ್ದ ನೀರು ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿಗೆ ಏಳುತ್ತದೆ. ಹಾಗಾಗಿ ಬೇಗ ಹೊರಟು ಬೇಗ ಬನ್ನಿ.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಅಪಾಯ ಇದೆ. ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಇರುವುದಿಲ್ಲ. ಆದರೂ ದೊಡ್ಡ ತೆರೆಗಳು ಬಂದು ದಡಕ್ಕೆ ಬಡಿಯುತ್ತವೆ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಸಾವಿರಾರು ಕಿಲೋಮೀಟರ್ ದೂರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಅವು. ಕಳ್ಳನ ಹಾಗೆ ಬರುವುದರಿಂದ ಮಲಯಾಳದವರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಕಡಲಿನ ಸ್ಥಿತಿಯ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ (INCOIS) ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನವೂ ಅವತ್ತು ಬೆಳಿಗ್ಗೆಯೂ ಅದನ್ನು ನೋಡಿಕೊಳ್ಳಿ.

ಚುಕ್ಕಾಣಿ ಹಿಡಿಯುವವರಿಗೆ ಲೈಸೆನ್ಸ್ ಬೇಕು. ನಿಮಗೆ ಇಲ್ಲದಿದ್ದರೆ ಚಾಲಕರ ಸಮೇತ ಬೋಟು ತೆಗೆದುಕೊಳ್ಳಿ. ಗ್ರೀಸ್, ಕ್ರೊಯೇಷಿಯಾ ಕಡೆ ರಜೆಗೆ ಹೋಗಿ ಚಾಲಕರಿಲ್ಲದ ಯಾಟ್ ಕೇಳಿದರೂ ಪ್ರಮಾಣಪತ್ರ ತೋರಿಸಲೇಬೇಕು.

ದಕ್ಕೆಯಲ್ಲಿ ನಿಂತಾಗ

ಜಾಕೆಟ್ ಪರೀಕ್ಷೆ ಆಗಲೇ ಹೇಳಿದೆ. ಪ್ರತಿಯೊಬ್ಬರಿಗೂ ತೊಡಿಸಿ, ಪಟ್ಟಿ ಬಿಗಿದು, ಭುಜ ಹಿಡಿದು ಎತ್ತಿ ನೋಡಿ. ಗಲ್ಲದ ಮೇಲೆ ಜಾರಿದರೆ ಅದು ಆ ಮೈಗೆ ಆಗುವುದಿಲ್ಲ. ಮಕ್ಕಳದ್ದಕ್ಕೆ ಕಾಲುಗಳ ನಡುವೆ ಹಾಯುವ ಪಟ್ಟಿ ಇರಲಿ.

ಇಂಧನವನ್ನು ಮೂರು ಪಾಲು ಮಾಡಿ. ಟ್ಯಾಂಕಿನಲ್ಲಿ 60 ಲೀಟರ್ ಇದ್ದರೆ 20 ಹೋಗುವುದಕ್ಕೆ, 20 ಬರುವುದಕ್ಕೆ. ಉಳಿದ 20 ಲೀಟರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಎದುರು ಗಾಳಿ, ಎದುರು ಸೆಳೆತ ಬಂದರೆ ಅದೇ ನಿಮ್ಮನ್ನು ದಡ ಸೇರಿಸುವುದು.

ಎಂಜಿನ್ ಒಳಗೇ ಇರುವ ಪೆಟ್ರೋಲ್ ಬೋಟಾದರೆ ಮೊದಲು ಬ್ಲೋವರ್ ಫ್ಯಾನನ್ನು ನಾಲ್ಕೈದು ನಿಮಿಷ ಓಡಿಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ತಳದಲ್ಲಿ ಕೂತಿರುತ್ತದೆ, ಒಂದು ಕಿಡಿ ಸಾಕು. ಎಂಜಿನ್ ಶುರುವಾದ ಕೂಡಲೇ ಹಿಂದಕ್ಕೆ ಹೋಗಿ ನೋಡಿ. ಎಂಜಿನನ್ನು ತಂಪು ಮಾಡಿದ ನೀರು ಬೋಟಿನಿಂದ ಹೊರಗೆ ಬೀಳುತ್ತಿರಬೇಕು. ಬೀಳದಿದ್ದರೆ ತಕ್ಷಣ ಆಫ್ ಮಾಡಿ. ಎಷ್ಟೋ ಸಲ ಕಾರಣ ಒಂದು ಪ್ಲಾಸ್ಟಿಕ್ ಚೀಲ. ನಮ್ಮ ಹೊಳೆಗಳಲ್ಲಿ ಅದು ಎಷ್ಟು ಜಾಸ್ತಿ ಅಂತ ನಿಮಗೇ ಗೊತ್ತು ಅಲ್ವಾ?

ಎಲ್ಲಿಗೆ ಹೋಗುತ್ತೀರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಂದು ಚೀಟಿಯಲ್ಲಿ ಬರೆದು ದಡದಲ್ಲಿರುವ ಒಬ್ಬರಿಗೆ ಕೊಡಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಈ ಎರಡು ನಂಬರ್ ಎಲ್ಲರ ಫೋನಿನಲ್ಲೂ ಇರಲಿ. ದೂರ ಹೋದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಆಗ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ಬೇಕು. ಜೀವಕ್ಕೆ ಅಪಾಯ ಬಂದರೆ "ಮೇಡೇ" ಎಂದು ಮೂರು ಸಲ ಕೂಗಿ ಬೋಟಿನ ಹೆಸರು, ಇರುವ ಜಾಗ, ಏನಾಗಿದೆ, ಎಷ್ಟು ಜನ ಇದ್ದೀರಿ ಎಂದು ಹೇಳಿ. ಇದನ್ನು ಚಾಲಕರಲ್ಲದೆ ಇನ್ನೊಬ್ಬರೂ ಕಲಿತಿರಬೇಕು.

ಅಳಿವೆ

ನಮ್ಮ ಕರಾವಳಿಯಲ್ಲಿ ನಾನು ಅತಿ ಹೆಚ್ಚು ಹೆದರುವ ಜಾಗ ಇದು. ಕೋಡಿ ಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಾಗಿ ಕಡಲು ಸೇರುತ್ತವೆ. ಹೊಳೆ ತಂದ ಮರಳನ್ನು ಕಡಲು ಬಾಯಿಯಲ್ಲೇ ತಡೆಯುತ್ತದೆ. ಅಲ್ಲಿ ದಿಬ್ಬ ಏಳುತ್ತದೆ, ಮಳೆಗಾಲ ಕಳೆದರೆ ಜಾಗವನ್ನೂ ಬದಲಿಸುತ್ತದೆ. ಹೋದ ವರ್ಷ ದಾಟಿದ ದಾರಿ ಈ ವರ್ಷ ಇರುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದ ಮೀನುಗಾರರ ಬೋಟುಗಳೂ ಅಳಿವೆಯಲ್ಲಿ ಮಗುಚಿವೆ.

ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ಹೋಗುತ್ತದೆ, ಕಡಲಿನ ತೆರೆ ಒಳಗೆ ನುಗ್ಗುತ್ತದೆ. ಎರಡೂ ಎದುರಾದಾಗ ತೆರೆ ಗೋಡೆಯಂತೆ ಎದ್ದು ಒಡೆಯುತ್ತದೆ. ಆದ್ದರಿಂದ ಭರತ ಪೂರ್ತಿಯಾಗುವ ಹೊತ್ತಿಗೆ ದಾಟಬೇಕು. ಆಗ ನೀರೂ ಆಳ, ಸೆಳೆತವೂ ಕಡಿಮೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು. ವಾಪಸ್ ಬರುವ ಹೊತ್ತಿನ ಲೆಕ್ಕವನ್ನೂ ಹೊರಡುವ ಮುಂಚೆಯೇ ಹಾಕಿ.

ದಾಟುವ ಮೊದಲು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ದೊಡ್ಡ ತೆರೆಗಳು ಗುಂಪಾಗಿ ಬಂದು ಆಮೇಲೆ ಸ್ವಲ್ಪ ಬಿಡುವು ಕೊಡುತ್ತವೆ. ಎಲ್ಲರೂ ಜಾಕೆಟ್ ತೊಟ್ಟು ಕೂತಿರಲಿ, ಛಾವಣಿಯ ಮೇಲೆ ಯಾರೂ ಬೇಡ. ಹೋಗುವಾಗ ತೆರೆಗೆ ಮುಖ ಕೊಟ್ಟೇ ಹೋಗಿ, ತೆರೆಯ ತುದಿ ದಾಟುವಾಗ ವೇಗ ಇಳಿಸಿ. ಅಡ್ಡ ತಿರುಗಿಸಬೇಡಿ.

ಒಳಗೆ ಬರುವಾಗ ಕಷ್ಟ ಜಾಸ್ತಿ. ಹೊರಗಿನಿಂದ ತೆರೆಯ ಬೆನ್ನು ಮಾತ್ರ ಕಾಣುತ್ತದೆ, ಹಾಗಾಗಿ ಅದು ಇರುವುದಕ್ಕಿಂತ ಸಣ್ಣದಾಗಿ ತೋರುತ್ತದೆ. ಒಂದು ತೆರೆಯ ಬೆನ್ನ ಹಿಂದೆ ಸೇರಿಕೊಂಡು ಅದರ ವೇಗದಲ್ಲೇ ಬನ್ನಿ. ಅದನ್ನು ಹತ್ತಿ ಮುಂದೆ ಧುಮುಕಿದರೆ ಮೂತಿ ನೀರಿಗೆ ಹೂತು ಬೋಟು ಅಡ್ಡ ತಿರುಗಿ ಮಗುಚುತ್ತದೆ. ಅನುಮಾನ ಬಂದರೆ ಹೊರಗೇ ನಿಂತು ಮುಂದಿನ ಭರತಕ್ಕೆ ಕಾಯಿರಿ. ಆ ಮೂರನೇ ಪಾಲು ಇಂಧನ ಆಗ ನೆನಪಾಗುತ್ತದೆ.

ಕಡಲಿನಲ್ಲಿ

ಎದುರಿನಿಂದ ಬೋಟು ಬಂದರೆ ಇಬ್ಬರೂ ಬಲಕ್ಕೆ ಸರಿಯಬೇಕು. ನಮ್ಮ ರಸ್ತೆಯ ಅಭ್ಯಾಸಕ್ಕೆ ಇದು ಉಲ್ಟಾ, ಹಾಗಾಗಿ ಮನಸ್ಸಿಗೆ ಗಟ್ಟಿಯಾಗಿ ಹೇಳಿಕೊಳ್ಳಿ. ಅಡ್ಡ ಬರುವ ಬೋಟು ನಿಮ್ಮ ಬಲಗಡೆ ಇದ್ದರೆ ದಾರಿ ಬಿಡಬೇಕಾದವರು ನೀವು. ಬಲೆ ಎಳೆಯುತ್ತಿರುವ ಬೋಟಿಗೆ ಯಾವಾಗಲೂ ದಾರಿ ಬಿಡಿ, ಅದರ ಹಿಂದಿನಿಂದ ಹತ್ತಿರ ಹಾಯಬೇಡಿ. ನೀರಿನಡಿಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿದರೆ ನಿಮ್ಮ ಪ್ರವಾಸವೂ ನಿಂತಿತು, ಅವರ ಬಲೆಯೂ ಹಾಳು. ಅದು ಅವರ ಅನ್ನ.

ಲಂಗರು ಹಾಕುವಾಗ ಗಾಳಿಗೆ ಮುಖ ಮಾಡಿ ನಿಂತು, ಆಳದ ಕನಿಷ್ಠ ಐದು ಪಟ್ಟು ಹಗ್ಗ ಬಿಡಿ. ಆಮೇಲೆ ದಡದ ಎರಡು ಗುರುತು ಹಿಡಿಯಿರಿ. ಕಾಪು ಕಡೆಯಾದರೆ 1901ರ ದೀಪಸ್ತಂಭ ಮತ್ತು ಅದರ ಹಿಂದಿನ ಒಂದು ತೆಂಗಿನ ಮರ. ಬೋಟು ಬರೀ ತೂಗಾಡಿದರೆ ಅವೆರಡೂ ಸರಿದು ಮತ್ತೆ ಒಂದೇ ಗೆರೆಗೆ ಬರುತ್ತವೆ. ಒಂದೇ ಕಡೆಗೆ ಸರಿಯುತ್ತಲೇ ಹೋದರೆ ಲಂಗರು ಜಾರುತ್ತಿದೆ ಅಂತ ತಿಳಿಯಿರಿ.

ಯಾರಾದರೂ ಈಜಲು ಇಳಿಯುವುದಾದರೆ ಎಂಜಿನ್ ಪೂರ್ತಿ ಬಂದ್ ಆಗಿರಲಿ, ನ್ಯೂಟ್ರಲ್ ಸಾಲದು. ಎಂಜಿನ್ ಓಡುತ್ತಿರುವಾಗ ಹಿಂದಿನ ಮೆಟ್ಟಿಲಿನಲ್ಲಿ ಮಕ್ಕಳನ್ನು ಕೂರಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯಾರಾದರೂ ಜಾರಿ ಬಿದ್ದರೆ ಒಬ್ಬರು ಅವರತ್ತ ಬೆರಳು ತೋರಿಸುತ್ತಲೇ ಇರಬೇಕು, ಕಣ್ಣು ತೆಗೆಯಬಾರದು. ಇನ್ನೊಬ್ಬರು ತೇಲುವ ಬಳೆ (ಲೈಫ್ ರಿಂಗ್) ಎಸೆಯಲಿ. ಹತ್ತಿರ ಬಂದ ಮೇಲೆ ಎಂಜಿನ್ ನಿಲ್ಲಿಸಿ ಎತ್ತಿಕೊಳ್ಳಿ.

ವಾಪಸ್ ದಕ್ಕೆಗೆ ಬರುವಾಗ ಸೆಳೆತಕ್ಕೆ ಎದುರಾಗಿ, ನಡೆದಷ್ಟೇ ನಿಧಾನವಾಗಿ ಬನ್ನಿ. ಬೋಟಿಗೂ ಕಟ್ಟೆಗೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಇಡಬೇಡಿ, ಬದಿಗೆ ಕಟ್ಟಿದ ಟೈರುಗಳು ಇರುವುದೇ ಆ ಪೆಟ್ಟು ತಡೆಯುವುದಕ್ಕೆ. ಹಗ್ಗ ಕಟ್ಟಿ, ತಲೆ ಎಣಿಸಿ, ಚೀಟಿ ಕೊಟ್ಟವರಿಗೆ ಬಂದೆವು ಅಂತ ಒಂದು ಫೋನ್ ಮಾಡಿ. ಅವರು ಕಾಯುತ್ತಿರುತ್ತಾರೆ.