ನನ್ನ ಬಾಕ್ಸ್‌ಎನ್ ವ್ಯಾಗನ್ ಹಳಿಯ ಮೇಲೆ ನಿಂತಿತು

ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ನನ್ನ ಮಾದರಿ ರೈಲಿಗೆಂದು 1:87 ಅಳತೆಯಲ್ಲಿ ನಾನೇ ಕಟ್ಟಿದ ಬಾಕ್ಸ್‌ಎನ್ (ಭಾರತೀಯ ರೈಲ್ವೆಯ ತೆರೆದ ಸರಕು ವ್ಯಾಗನ್) ಕಲ್ಲಿದ್ದಲು ವ್ಯಾಗನ್ ಪ್ರತಿ ತಿರುವಿನಲ್ಲೂ ಹಳಿ ತಪ್ಪುತ್ತಿತ್ತು. ಹಳಿಯನ್ನೇ ದೂರಿ ಎರಡು ಸಲ ಕಿತ್ತು ಹಾಸಿದೆ. ಕೊನೆಗೆ ವ್ಯಾಗನ್ ತೂಗಿದರೆ ಬರೀ 38 ಗ್ರಾಂ! ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಈ ಅಳತೆಗೆ ಸೂಚಿಸುವ ತೂಕ 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನನ್ನ 5 ಇಂಚಿನ ವ್ಯಾಗನ್‌ಗೆ ಸುಮಾರು 100 ಗ್ರಾಂ ಬೇಕು.

ತೆರೆದ ವ್ಯಾಗನ್‌ನಲ್ಲಿ ತೂಕವನ್ನು ಬಚ್ಚಿಡುವುದೇ ಕಷ್ಟ. ತಳಕ್ಕೆ ಉಕ್ಕಿನ ನಟ್‌ಗಳನ್ನು ಅಂಟಿಸಿ, ತೆಳು ಹಾಳೆ ಹೊದಿಸಿ, ಪುಡಿಮಾಡಿದ ನಿಜವಾದ ಕಲ್ಲಿದ್ದಲನ್ನೇ ಹರಡಿದೆ. ಆದರೂ ಒಂದು ಚಕ್ರ ಮೇಲೆದ್ದೇ ಇತ್ತು. ವ್ಯಾಗನ್‌ನ ಅಡಿಯಲ್ಲಿ ನಾಲ್ಕು ನಾಲ್ಕು ಚಕ್ರಗಳ ಎರಡು ಚೌಕಟ್ಟುಗಳಿವೆ, ಅವೇ ಬೋಗಿಗಳು. ಒಂದು ಬೋಗಿ ತಿರುಗಬೇಕು, ಓಲಾಡಬಾರದು ಎನ್ನುವಷ್ಟು ಅದರ ತಿರುಪನ್ನು ಬಿಗಿದೆ. ಇನ್ನೊಂದರ ತಿರುಪನ್ನು ಅರ್ಧ ಸುತ್ತು ಸಡಿಲಿಸಿದೆ. ಎಂಟೂ ಚಕ್ರಗಳು ಹಳಿಯ ಮೇಲೆ ಕುಳಿತವು.