ಮಿಡ್‌ರೇಂಜ್ ಡಿಸ್ಕ್: ಒಂದಕ್ಕೊಂದು ಜೊತೆಯಾಗುವಂತೆ ಆರಿಸುವುದು ಹೇಗೆ?

ಒಂದು ಕಾಲಕ್ಕೆ ನನ್ನ ಡಿಸ್ಕ್ ಗಾಲ್ಫ್ ಚೀಲದಲ್ಲಿ ಐದು ಮಿಡ್‌ರೇಂಜ್ ಡಿಸ್ಕ್‌ಗಳಿದ್ದವು. ಐದಕ್ಕೂ ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರು. ಒಂದು ದಿನ ಖಾಲಿ ಮೈದಾನದಲ್ಲಿ ನಿಂತು ಐದನ್ನೂ ಒಂದಾದ ಮೇಲೊಂದು ಎಸೆದೆ. ಹೆಕ್ಕಲು ಹೋದರೆ ನಾಲ್ಕು ಡಿಸ್ಕ್ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಬಿದ್ದಿದ್ದವು. ಐದನೆಯದು ಮಾತ್ರ ಎಲ್ಲೋ ಬಲಗಡೆ ಹೋಗಿತ್ತು, ಅದೂ ನನ್ನ ಕೈ ಜಾರಿದ್ದಕ್ಕೆ. ಅಂದರೆ ದುಡ್ಡು ಕೊಟ್ಟು ಒಂದೇ ಡಿಸ್ಕನ್ನು ಐದು ಸಲ ತಂದಿದ್ದೆ!

ಡಿಸ್ಕ್ ಗಾಲ್ಫ್ ಹೊಸಬರಿಗೆ ಒಂದು ಮಾತು. ಇದು ಗಾಲ್ಫ್ ಆಟವೇ. ಚೆಂಡಿನ ಬದಲು ತಟ್ಟೆಯಂಥ ಡಿಸ್ಕ್, ಗುಂಡಿಯ ಬದಲು ಸರಪಳಿ ಕಟ್ಟಿದ ಬುಟ್ಟಿ. ದೂರಕ್ಕೆ ಡ್ರೈವರ್, ಬುಟ್ಟಿಯ ಹತ್ತಿರ ಪಟ್ಟರ್, ಇವೆರಡರ ನಡುವಿನ ಕೆಲಸಕ್ಕೆ ಮಿಡ್‌ರೇಂಜ್. ಈ ನಡುವಿನ ಕೆಲಸವೇ ಆಟದಲ್ಲಿ ಜಾಸ್ತಿ. ಮರಗಳ ಸಂದಿಯಲ್ಲಿ ನೇರವಾಗಿ ತೂರಿಸುವುದು, ಐವತ್ತು ಮೀಟರ್ ಆಚೆಯ ತಿರುವಿಗೆ ಇಳಿಸುವುದು, ಎದುರುಗಾಳಿಯಲ್ಲಿ ತಗ್ಗಿನಲ್ಲೇ ಸಾಗಿಸುವುದು. ಇಷ್ಟನ್ನೂ ಒಂದೇ ಡಿಸ್ಕ್ ಮಾಡಲಾರದು ಅಂತಲ್ಲ, ಕೈ ಪಳಗಿದವರು ಮಾಡಿಸುತ್ತಾರೆ. ಆದರೆ ಎರಡೋ ಮೂರೋ ಸರಿಯಾದ ಡಿಸ್ಕ್ ಇದ್ದರೆ ಎಸೆತವನ್ನು ಬದಲಿಸಬೇಕಿಲ್ಲ, ಡಿಸ್ಕ್ ಬದಲಿಸಿದರೆ ಸಾಕು.

ಮೊದಲು ನಾಲ್ಕು ಅಂಕಿ ಓದಿ

ಹೆಚ್ಚಿನ ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಸಾಲಾಗಿ ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಮಿಡ್‌ರೇಂಜ್‌ನ ಸ್ಪೀಡ್ ಸಾಮಾನ್ಯವಾಗಿ 4ರಿಂದ 6. ಗ್ಲೈಡ್ ಅಂದರೆ ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಅನ್ನುವುದು.

ನಮಗೆ ಮುಖ್ಯವಾದವು ಕೊನೆಯ ಎರಡು. ಬಲಗೈಯವರು ಬ್ಯಾಕ್‌ಹ್ಯಾಂಡ್‌ನಲ್ಲಿ, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು, ಎಸೆದರೆ ಡಿಸ್ಕ್ ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ಹೋಗುತ್ತದೆ. ವೇಗ ಇರುವಾಗ ಅದು ಬಲಕ್ಕೆ ವಾಲುವುದು ಟರ್ನ್. ವೇಗ ಇಳಿದ ಮೇಲೆ ಎಡಕ್ಕೆ ಬೀಳುವುದು ಫೇಡ್. ಬುಗುರಿ ಆಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ: ತಿರುಗುತ್ತಿರುವ ಬುಗುರಿಯನ್ನು ಮುಂದಕ್ಕೆ ತಳ್ಳಿದರೆ ಅದು ಮುಂದಕ್ಕೆ ಬೀಳುವುದಿಲ್ಲ, ಪಕ್ಕಕ್ಕೆ ವಾಲುತ್ತದೆ. ಡಿಸ್ಕ್‌ನದೂ ಅದೇ ಕಥೆ. ಗಾಳಿ ಅದರ ಮೂತಿಯನ್ನು, ಅಂದರೆ ಮುಂದಿನ ಅಂಚನ್ನು, ಕೆಳಕ್ಕೋ ಮೇಲಕ್ಕೋ ತಳ್ಳುತ್ತದೆ, ಡಿಸ್ಕ್ ಬಲಕ್ಕೋ ಎಡಕ್ಕೋ ವಾಲುತ್ತದೆ. ಎಡಗೈಯವರು, ಬಲಗೈ ಫೋರ್‌ಹ್ಯಾಂಡ್‌ನವರು (ಅಂಗೈ ಮುಂದೆ ಮಾಡಿ ಎಸೆಯುವವರು) ಇಲ್ಲಿಂದ ಮುಂದೆ ಎಡ-ಬಲವನ್ನು ತಿರುವಿ ಹಾಕಿಕೊಂಡು ಓದಿ.

ಟರ್ನ್ ಮೈನಸ್‌ನಲ್ಲಿ ಬರೆಯುತ್ತಾರೆ. -3 ಇದ್ದರೆ ಚೆನ್ನಾಗಿ ಬಲಕ್ಕೆ ಹೊರಳುತ್ತದೆ, 0 ಇದ್ದರೆ ಅಲುಗುವುದಿಲ್ಲ. ಬಲಕ್ಕೆ ಹೊರಳುವ ಗುಣ ಜಾಸ್ತಿ ಇದ್ದರೆ ಅಂಡರ್‌ಸ್ಟೇಬಲ್, ಎಡಕ್ಕೆ ಎಳೆಯುವ ಗುಣ ಜಾಸ್ತಿ ಇದ್ದರೆ ಓವರ್‌ಸ್ಟೇಬಲ್.

ಈ ಅಂಕಿಗಳನ್ನು ಕಂಪನಿಗಳೇ ಹಾಕಿಕೊಳ್ಳುತ್ತವೆ. ಒಂದು ಕಂಪನಿಯ 2 ಇನ್ನೊಂದರ 3 ಆಗಿರಬಹುದು. ಅದೂ ಅಲ್ಲದೆ, ಆ ಡಿಸ್ಕ್‌ಗೆ ತಕ್ಕ ವೇಗದಲ್ಲಿ ಎಸೆದರೆ ಮಾತ್ರ ಈ ಲೆಕ್ಕ. ಕೈ ನಿಧಾನ ಇರುವವರಿಗೆ ಟರ್ನ್ ಕಾಣುವುದೇ ಇಲ್ಲ, ಫೇಡ್ ಮಾತ್ರ ಬೇಗ ಬಂದುಬಿಡುತ್ತದೆ. ಹಾಗಾಗಿ ಹೊಸಬರಿಗೆ ಎಲ್ಲಾ ಡಿಸ್ಕೂ ಅಂಕಿಯಲ್ಲಿ ಇರುವುದಕ್ಕಿಂತ ಜಾಸ್ತಿ ಓವರ್‌ಸ್ಟೇಬಲ್ ಅನ್ನಿಸುತ್ತದೆ.

ನಡುವಿನದನ್ನು ಮೊದಲು ಆರಿಸಿ

ಮೂರು ಡಿಸ್ಕ್ ಒಟ್ಟಿಗೆ ಕೊಳ್ಳಬೇಡಿ. ಒಂದನ್ನು ತನ್ನಿ, ನೇರವಾಗಿ ಹೋಗುವಂಥದ್ದು. ಟರ್ನ್ 0 ಅಥವಾ -1, ಫೇಡ್ 0 ಅಥವಾ 1. ಡಿಸ್ಕ್‌ಕ್ರಾಫ್ಟ್‌ನ ಬಜ್ (5, 4, -1, 1) ಈ ಗುಂಪಿನಲ್ಲಿ ಎಲ್ಲರ ಬಾಯಲ್ಲಿರುವ ಹೆಸರು. ಆಕ್ಸಿಯಂನ ಹೆಕ್ಸ್ (5, 5, -1, 1), ಇನೋವಾದ ಮಾಕೋ3 (5, 5, 0, 0), ಲ್ಯಾಟಿಟ್ಯೂಡ್ 64ರ ಕಂಪಾಸ್ (5, 5, 0, 1) ಕೂಡ ಇದೇ ಕೆಲಸಕ್ಕೆ. ಇವುಗಳಲ್ಲಿ ಯಾವುದು ಶ್ರೇಷ್ಠ ಅಂತ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಕೈಗೆ ಹಿತವಾಗಿ ಕೂತದ್ದು ನಿಮ್ಮದು.

ಕನಿಷ್ಠ ಒಂದು ತಿಂಗಳು ಆ ಒಂದೇ ಮಿಡ್‌ರೇಂಜ್‌ನಲ್ಲಿ ಆಡಿ. ಬೇಸರ ಬರುತ್ತದೆ, ಬರಲಿ. ಹೈಝರ್, ಅಂದರೆ ಹೊರ ಅಂಚನ್ನು ಕೆಳಗೆ ಮಾಡಿ ಎಸೆಯುವುದು, ಆನ್‌ಹೈಝರ್, ಅಂದರೆ ಹೊರ ಅಂಚನ್ನು ಎತ್ತಿ ಎಸೆಯುವುದು, ಮತ್ತೆ ಸಮತಟ್ಟು. ಮೂರನ್ನೂ ಅದರಲ್ಲೇ ಮಾಡಿ ನೋಡಿ.

ಅದು ಎಲ್ಲಿ ಕೈಕೊಡುತ್ತದೆ, ಬರೆದಿಡಿ

ಜನ ಸಾಮಾನ್ಯವಾಗಿ ಹಾರಿಸಿಬಿಡುವ ಹಂತ ಇದು. ನನ್ನ ಐದು ಡಿಸ್ಕ್‌ಗಳ ಕಥೆಗೂ ಇದೇ ಕಾರಣ. ಎರಡನೇ ಡಿಸ್ಕನ್ನು ಅಂಗಡಿಯ ಗೋಡೆ ನೋಡಿ ಆರಿಸಬಾರದು, ಮೊದಲನೆಯದು ಮಾಡಿದ ತಪ್ಪು ನೋಡಿ ಆರಿಸಬೇಕು.

ಪ್ರತಿ ಸುತ್ತು ಮುಗಿದ ಮೇಲೆ ಫೋನಿನಲ್ಲಿ ಎರಡು ಸಾಲು ಬರೆದರೆ ಸಾಕು. "ಎದುರುಗಾಳಿ, ಬಲಕ್ಕೆ ಹೊರಳಿ ಪೊದೆಗೆ ಹೋಯಿತು." "ಎಡಕ್ಕೆ ತಿರುಗಬೇಕಿತ್ತು, ನೇರವಾಗಿ ಜಾರುತ್ತಾ ಬುಟ್ಟಿ ದಾಟಿತು." "ಬಲಕ್ಕೆ ಬಾಗುವ ದಾರಿ, ಆನ್‌ಹೈಝರ್ ಕೊಟ್ಟೆ, ಕೊನೆಯಲ್ಲಿ ಎಡಕ್ಕೆ ವಾಪಸ್ ಬಂತು." ನಾಲ್ಕೈದು ಸುತ್ತು ಆದ ಮೇಲೆ ಒಂದೇ ದೂರು ಮತ್ತೆ ಮತ್ತೆ ಕಾಣಿಸುತ್ತದೆ. ನೀವು ಕೊಳ್ಳಬೇಕಾದ ಡಿಸ್ಕ್ ಅಲ್ಲಿದೆ.

ಆದರೆ ತಪ್ಪು ಡಿಸ್ಕಿನದೋ ನಿಮ್ಮದೋ ನೋಡಿಕೊಳ್ಳಿ. ಮೂತಿ ಎತ್ತಿ ಎಸೆದರೆ ಎಂಥಾ ನೇರ ಡಿಸ್ಕೂ ಮೇಲಕ್ಕೇರಿ, ನಿಂತಂತಾಗಿ, ಎಡಕ್ಕೆ ಬಿದ್ದುಬಿಡುತ್ತದೆ. "ಇದು ಓವರ್‌ಸ್ಟೇಬಲ್ ಕಣ್ರೀ" ಅಂತ ಅದನ್ನು ಮಾರಿಬಿಟ್ಟವರು ನನಗೆ ಗೊತ್ತು. ಅವರಿಗೆ ಬೇಕಿದ್ದದ್ದು ಹೊಸ ಡಿಸ್ಕ್ ಅಲ್ಲ, ಮಣಿಕಟ್ಟನ್ನು ಸ್ವಲ್ಪ ಕೆಳಗೆ ಹಿಡಿಯುವ ಅಭ್ಯಾಸ.

ಎರಡನೆಯದು: ತಪ್ಪದೆ ಎಡಕ್ಕೆ ಬೀಳುವುದು

ಬಹುಪಾಲು ಆಟಗಾರರಿಗೆ ಎರಡನೆಯದಾಗಿ ಬೇಕಾಗುವುದು ಓವರ್‌ಸ್ಟೇಬಲ್ ಮಿಡ್‌ರೇಂಜ್. ಟರ್ನ್ 0, ಫೇಡ್ 3ರ ಹತ್ತಿರ. ಇನೋವಾದ ರಾಕ್3 (5, 4, 0, 3), ಡಿಸ್ಕ್‌ಕ್ರಾಫ್ಟ್‌ನ ಬಜ್ ಓಎಸ್ (5, 4, 0, 3) ಈ ಜಾತಿ. ಎದುರುಗಾಳಿ ಬೀಸಿದಾಗ ಎಲ್ಲಾ ಡಿಸ್ಕೂ ಅಂಡರ್‌ಸ್ಟೇಬಲ್ ಕಡೆಗೆ ಜಾರುತ್ತದೆ, ನೇರದ್ದು ಬಲಕ್ಕೆ ಹೊರಳುತ್ತದೆ, ಇದು ನೇರವಾಗುತ್ತದೆ. ಗಾಳಿ ಬೆನ್ನ ಹಿಂದೆ ಇದ್ದರೆ ಲೆಕ್ಕ ಉಲ್ಟಾ. ಫೋರ್‌ಹ್ಯಾಂಡ್ ಜೋರಾಗಿ ಎಸೆಯುವವರಿಗೂ ಇಂಥದ್ದೇ ಕೈಗೆ ಒಗ್ಗುತ್ತದೆ.

ಇಲ್ಲಿ ಗ್ಲೈಡ್ ಕೂಡ ನೋಡಿ. ಫೇಡ್ 3, ಗ್ಲೈಡ್ 4 ಇರುವ ಡಿಸ್ಕ್ ಎಡಕ್ಕೆ ತೇಲುತ್ತಾ ಬೀಳುತ್ತದೆ. ಇನೋವಾದ ಗೇಟರ್‌ನ ಹಾಗೆ ಗ್ಲೈಡ್ 2 ಇರುವುದು ಕಲ್ಲು ಹಾಕಿದಂತೆ ಇಳಿಯುತ್ತದೆ. ಬುಟ್ಟಿಯ ಹಿಂದೆ ಇಳಿಜಾರೋ ನೀರೋ ಇದ್ದರೆ ಎರಡನೆಯದು ವರ. ಬರಿ ದಿನನಿತ್ಯದ ಆಟಕ್ಕಾದರೆ ಮೊದಲನೆಯದೇ ಸಾಕು.

ಒಂದು ಎಚ್ಚರಿಕೆ. ನಡುವಿನದು ಬಜ್, ಎರಡನೆಯದು ವಾಸ್ಪ್ (5, 3, 0, 2) ಅಂತ ಇಟ್ಟುಕೊಂಡವರು ಸುಮಾರು ಜನ ಇದ್ದಾರೆ. ಪಳಗಿದ ಕೈಗೆ ವ್ಯತ್ಯಾಸ ಕಾಣುತ್ತದೆ. ಹೊಸ ಕೈಗೆ ಅವೆರಡೂ ಅಕ್ಕಪಕ್ಕದಲ್ಲೇ ಬೀಳುತ್ತವೆ. ಎರಡರ ನಡುವೆ ಕಣ್ಣಿಗೆ ಕಾಣುವ ಅಂತರ ಬೇಕು. ಅರವತ್ತು ಮೀಟರ್ ಎಸೆತದಲ್ಲಿ ಏಳೆಂಟು ಹೆಜ್ಜೆಯಾದರೂ ಪಕ್ಕಕ್ಕೆ ಬೀಳಬೇಕು, ಇದು ನನ್ನ ಲೆಕ್ಕ.

ಮೂರನೆಯದು ಬೇಕೇ?

ಬೇಕಾದರೆ ಮಾತ್ರ. ಅಂಡರ್‌ಸ್ಟೇಬಲ್ ಮಿಡ್‌ರೇಂಜ್ ಎರಡು ಕೆಲಸ ಮಾಡುತ್ತದೆ. ಸಮತಟ್ಟಾಗಿ ಬಿಟ್ಟರೆ ಬಲಕ್ಕೆ ಉದ್ದ ಬಾಗು. ಹೈಝರ್‌ನಲ್ಲಿ ಬಿಟ್ಟರೆ ತಾನಾಗಿ ಎದ್ದು ಸಮವಾಗಿ, ಸಲೀಸಾಗಿ ನೇರ ಹೋಗುತ್ತದೆ. ಇದನ್ನು ಹೈಝರ್ ಫ್ಲಿಪ್ ಅನ್ನುತ್ತಾರೆ, ನೋಡಲು ಬಲು ಚಂದ. ಇನೋವಾದ ಸ್ಟಿಂಗ್‌ರೇ (4, 5, -3, 1), ಬಜ್ ಎಸ್‌ಎಸ್ (5, 4, -2, 1) ನೋಡಬಹುದು. ಕೈಯಲ್ಲಿ ಇನ್ನೂ ಜೋರಿಲ್ಲದವರಿಗೆ ಇವೇ ನೇರ ಡಿಸ್ಕ್‌ನಂತೆ ಹಾರುತ್ತವೆ, ಹಾಗಾಗಿ ಅಂಥವರು ನಡುವಿನ ಡಿಸ್ಕ್ ಆಗಿಯೇ ಇದನ್ನು ಇಟ್ಟುಕೊಳ್ಳಲಿ. ನಾಲ್ಕನೆಯದು ಬೇಕು ಅನ್ನಿಸಿದರೆ ಆ ಆಸೆ ತಣಿಯುವವರೆಗೆ ಪಟ್ಟಿಂಗ್ ಅಭ್ಯಾಸ ಮಾಡಿ.

ಒಂದೇ ಅಚ್ಚು, ಮೂರು ವಯಸ್ಸು

ಹಳೆಯ ಆಟಗಾರರದ್ದು ಬೇರೆಯೇ ದಾರಿ. ಅವರು ಮೂರು ಬಗೆ ಕೊಳ್ಳುತ್ತಿರಲಿಲ್ಲ, ಒಂದೇ ಬಗೆಯನ್ನು ಮೂರು ವಯಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇನೋವಾದ ರಾಕ್ ಇದಕ್ಕೆ ಹೆಸರುವಾಸಿ. ವಿಶ್ವ ಚಾಂಪಿಯನ್‌ಷಿಪ್ ಅನ್ನು 12 ಸಲ ಗೆದ್ದ ಕೆನ್ ಕ್ಲೈಮೋ ಅವರ ಹೆಸರಿನ ಮೊದಲಕ್ಷರ ಹೊತ್ತ ಕೆಸಿ ಪ್ರೊ ರಾಕ್ ಅನ್ನು ಇವತ್ತಿಗೂ ಹುಡುಕಿ ಕೊಳ್ಳುವವರಿದ್ದಾರೆ.

ಗುಟ್ಟು ಪ್ಲಾಸ್ಟಿಕ್‌ನಲ್ಲಿದೆ. ಅಗ್ಗದ ಪ್ಲಾಸ್ಟಿಕ್, ಅಂದರೆ ಇನೋವಾದ ಡಿಎಕ್ಸ್, ಡಿಸ್ಕ್‌ಕ್ರಾಫ್ಟ್‌ನ ಪ್ರೊ-ಡಿ ಥರದ್ದು, ಮರಕ್ಕೆ ಬಡಿದು ಬೇಗ ಸವೆಯುತ್ತದೆ. ಹೊಸದಾಗಿದ್ದಾಗ ಎಡಕ್ಕೆ ಎಳೆಯುವ ಡಿಸ್ಕ್ ಕೆಲವು ತಿಂಗಳಲ್ಲಿ ನೇರವಾಗುತ್ತದೆ, ಇನ್ನೂ ಸವೆದರೆ ಬಲಕ್ಕೆ ಹೊರಳುತ್ತದೆ. ಅಂಚನ್ನು ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ: ಹೊಸದರ ಅಂಚು ಒಂದೇ ಸಮ, ಹಳೆಯದರಲ್ಲಿ ತರಚಿದ ಗುರುತು, ಸಣ್ಣ ಸಣ್ಣ ತಗ್ಗು. ಚಾಂಪಿಯನ್, ಜಡ್ ಥರದ ಗಟ್ಟಿ ಪ್ಲಾಸ್ಟಿಕ್ ಇಷ್ಟು ಬೇಗ ಬದಲಾಗುವುದಿಲ್ಲ.

ಇದರ ದೊಡ್ಡ ಲಾಭ, ಮೂರೂ ಕೈಯಲ್ಲಿ ಒಂದೇ ಥರ ಕೂರುತ್ತವೆ. ಕಷ್ಟ ಏನೆಂದರೆ, ಸರಿಯಾಗಿ ಹಣ್ಣಾದ ಡಿಸ್ಕ್ ಕಳೆದುಹೋದರೆ ಅಂಥದ್ದನ್ನು ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ನನಗೆ ಇಷ್ಟವಾದದ್ದು ಮಿಶ್ರ ದಾರಿ: ನಡುವಿನದು ಗಟ್ಟಿ ಪ್ಲಾಸ್ಟಿಕ್‌ನಲ್ಲಿ, ಅದೇ ಅಚ್ಚಿನ ಅಗ್ಗದ ಡಿಸ್ಕ್ ಒಂದನ್ನು ಬೇಕಂತಲೇ ಸವೆಸಿ ಅಂಡರ್‌ಸ್ಟೇಬಲ್ ಮಾಡಿಕೊಳ್ಳುವುದು, ಓವರ್‌ಸ್ಟೇಬಲ್ ಮಾತ್ರ ಬೇರೆ ಅಚ್ಚು.

ಹಾರಾಟ ಬೇರೆ, ಹಿಡಿತ ಒಂದೇ

ಡಿಸ್ಕ್‌ಗಳು ಬೇರೆ ಬೇರೆ ಹಾರಬೇಕು, ಆದರೆ ಕೈಯಲ್ಲಿ ಒಂದೇ ಥರ ಇರಬೇಕು. ಹಾಗಾಗಿ ಬೀಡ್ ನೋಡಿ. ರಿಮ್‌ನ ಕೆಳ ಅಂಚಿನಲ್ಲಿ ಸುತ್ತಲೂ ಇರುವ ಸಣ್ಣ ಉಬ್ಬು ಅದು. ರಾಕ್‌ಗೆ ಇದೆ, ವಾಸ್ಪ್‌ಗೆ ಇದೆ, ಬಜ್‌ಗೆ ಇಲ್ಲ. ಕೆಲವರಿಗೆ ಬೀಡ್ ಇಲ್ಲದಿದ್ದರೆ ಹಿಡಿತವೇ ಸಿಗುವುದಿಲ್ಲ, ಕೆಲವರಿಗೆ ಅದು ಬೆರಳಿಗೆ ಕಿರಿಕಿರಿ. ಯಾವುದೇ ಇರಲಿ, ಮೂರರಲ್ಲೂ ಒಂದೇ ಇರಲಿ. ತೂಕವೂ ಹತ್ತಿರ ಹತ್ತಿರ ಇರಲಿ. ನಿಯಮದ ಪ್ರಕಾರ ಡಿಸ್ಕ್‌ನ ಅಡ್ಡಳತೆಯ ಪ್ರತಿ ಸೆಂಟಿಮೀಟರ್‌ಗೆ 8.3 ಗ್ರಾಂಗಿಂತ ಜಾಸ್ತಿ ತೂಕ ಇರುವಂತಿಲ್ಲ. 21.7 ಸೆಂ.ಮೀ. ಅಗಲದ ಬಜ್ ಹಾಗಾಗಿಯೇ 180 ಗ್ರಾಂ ಹತ್ತಿರ ನಿಲ್ಲುತ್ತದೆ. ಹಗುರ ಡಿಸ್ಕ್ ಗಾಳಿಗೆ ಬೇಗ ಅಲುಗುತ್ತದೆ. ಒಂದು 165, ಇನ್ನೊಂದು 180 ಇಟ್ಟುಕೊಂಡರೆ ವ್ಯತ್ಯಾಸ ಅಚ್ಚಿನದೋ ತೂಕದ್ದೋ ತಿಳಿಯುವುದೇ ಇಲ್ಲ.

ಕೊಳ್ಳುವಾಗ ಒಂದೇ ಹೆಸರಿನ ಎರಡು ಡಿಸ್ಕನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಬಗ್ಗಿ, ಕಣ್ಣಿನ ಮಟ್ಟದಲ್ಲಿ ನೋಡಿ. ಅಂಚಿನಲ್ಲಿ ಅಚ್ಚಿನ ಎರಡು ಭಾಗ ಸೇರಿದ ಗೆರೆ ಕಾಣುತ್ತದೆ. ಆ ಗೆರೆ ಮೇಜಿನಿಂದ ಎತ್ತರದಲ್ಲಿದ್ದರೆ ಡಿಸ್ಕ್ ಸ್ವಲ್ಪ ಓವರ್‌ಸ್ಟೇಬಲ್, ತಗ್ಗಿನಲ್ಲಿದ್ದರೆ ಅಂಡರ್‌ಸ್ಟೇಬಲ್. ಬೆನ್ನು ಉಬ್ಬಿದ್ದು ಸಾಮಾನ್ಯವಾಗಿ ಜಾಸ್ತಿ ತೇಲುತ್ತದೆ. ಹೆಸರು ಒಂದೇ ಇದ್ದರೂ ಪ್ಲಾಸ್ಟಿಕ್ ತಣ್ಣಗಾಗುವ ರೀತಿಯಿಂದ ಇಷ್ಟು ವ್ಯತ್ಯಾಸ ಬರುತ್ತದೆ.

ಮೈದಾನದಲ್ಲಿ ಪರೀಕ್ಷೆ

ಗಾಳಿ ಇಲ್ಲದ ಹೊತ್ತು ನೋಡಿ ಹೋಗಿ. ಅರವತ್ತು ಮೀಟರ್ ದೂರದಲ್ಲಿ ಚೀಲ ಇಡಿ, ಅದೇ ಗುರಿ. ಮೊದಲು ಹತ್ತು ಎಸೆತ ಸುಮ್ನೆ ಕೈ ಬಿಸಿ ಮಾಡಲು. ಆಮೇಲೆ ಮೂರು ಡಿಸ್ಕನ್ನೂ ಸರದಿಯಲ್ಲಿ, ಸಮತಟ್ಟಾಗಿ, ಒಂದೇ ಜೋರಿನಲ್ಲಿ ಎಸೆಯಿರಿ. ಒಂದನ್ನೇ ಹತ್ತು ಸಲ ಎಸೆದು ಮುಂದಿನದಕ್ಕೆ ಹೋಗಬೇಡಿ, ಕೊನೆಯ ಡಿಸ್ಕ್ ಬರುವ ಹೊತ್ತಿಗೆ ತೋಳು ಸೋತಿರುತ್ತದೆ. ಬಿದ್ದ ಜಾಗದಿಂದ ಚೀಲಕ್ಕೆ ಎಡಕ್ಕೆಷ್ಟು, ಬಲಕ್ಕೆಷ್ಟು ಅಂತ ಹೆಜ್ಜೆ ಎಣಿಸಿ ಬರೆಯಿರಿ. ಕೈ ಜಾರಿದ ಎಸೆತವನ್ನು ಬಿಟ್ಟುಬಿಡಿ.

ಹತ್ತು ಸರದಿ ಮುಗಿದಾಗ ಕಾಗದದ ಮೇಲೆ ಮೂರು ಗುಂಪು ಕಾಣಬೇಕು. ಎರಡು ಗುಂಪು ಬೆರೆತು ಹೋಗಿದ್ದರೆ ಒಂದು ಡಿಸ್ಕ್ ಮನೆಗೆ. ಯಾವುದು ಅಂದರೆ, ಚದುರಿ ಬಿದ್ದದ್ದು. ಗಾಳಿ ಎದ್ದ ದಿನ ಇದನ್ನೇ ಇನ್ನೊಮ್ಮೆ ಮಾಡಿ, ಗಾಳಿಗೆ ಮುಖ ಕೊಟ್ಟು. ನೇರ ಡಿಸ್ಕ್ ಎಷ್ಟು ಹೊರಳುತ್ತದೆ ಅನ್ನುವುದು ಅವತ್ತು ಗೊತ್ತಾಗುತ್ತದೆ.

ಪಾಸಾದ ಡಿಸ್ಕ್‌ಗಳ ಹೊಟ್ಟೆಯ ಕಡೆ ಮಾರ್ಕರ್‌ನಲ್ಲಿ ಫೋನ್ ನಂಬರ್, ಕೊಂಡ ತಿಂಗಳು ಬರೆಯಿರಿ. ನಂಬರ್, ಡಿಸ್ಕ್ ಕಳೆದುಹೋದರೆ ಸಿಗಲಿ ಅಂತ, ತಿಂಗಳು ಎಷ್ಟು ಸವೆದಿದೆ ಅಂತ ತಿಳಿಯಲು. ನಡುವಿನದಕ್ಕೆ ಅದೇ ಪ್ಲಾಸ್ಟಿಕ್, ಅದೇ ತೂಕದ ಇನ್ನೊಂದನ್ನು ಕೊಂಡು ಕಪಾಟಿನಲ್ಲಿಡಿ.

ನನ್ನ ಐದರಲ್ಲಿ ಈಗ ಚೀಲದಲ್ಲಿರುವುದು ಒಂದು. ಮೂರನ್ನು ಹೊಸದಾಗಿ ಆಟಕ್ಕೆ ಬಂದವರಿಗೆ ಕೊಟ್ಟೆ, ಮೂವರೂ ಈಗ ಒಂದೇ ಥರ ಎಸೆಯುತ್ತಾರೆ. ಐದನೆಯದು ಕೆರೆಯ ತಳದಲ್ಲಿದೆ; ಫೋನ್ ನಂಬರ್ ಬರೆದಿದ್ದೆ, ಇನ್ನೂ ಯಾರೂ ಕರೆದಿಲ್ಲ.